ಸೋರುವ ನಲ್ಲಿಯನ್ನು ನಾಳೆಗೆ ಬಿಡಬೇಡಿ

ಸೆಕೆಂಡಿಗೊಂದರಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 86,400 ಹನಿಗಳು ಹೋಗುತ್ತವೆ. ಮಳೆನೀರನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳಲ್ಲಿ ಹಿಡಿದಿಟ್ಟ ಕೋಟೆಯ ಊರಾದ ಚಿತ್ರದುರ್ಗದಲ್ಲಿ ಈ ನಷ್ಟ ನನಗೆ ನಿಜಕ್ಕೂ ನೋವು ತರುತ್ತದೆ. ಕೆಡುವುದು ನೀರು ಮಾತ್ರವಲ್ಲ. ಸವೆದ ವಾಷರನ್ನು (ನಲ್ಲಿಯೊಳಗೆ ನೀರನ್ನು ತಡೆಯುವ ಸಣ್ಣ ರಬ್ಬರ್ ಬಿಲ್ಲೆ) ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ಕೂರುವ ಒಳಗಿನ ಅಂಚೂ ಸವೆಯುತ್ತದೆ, ಬೋರ್‌ವೆಲ್‌ನ ಗಡಸು ನೀರಿನ ಬಿಳಿಯ ಪದರ ತಿರುಪಿನಲ್ಲಿ ಕಟ್ಟಿಕೊಳ್ಳುತ್ತದೆ, ಕೊನೆಗೆ ಕೆಲವೇ ರೂಪಾಯಿಗಳ ಕೆಲಸಕ್ಕೆ ಇಡೀ ನಲ್ಲಿಯನ್ನೇ ಬದಲಿಸಬೇಕಾಗುತ್ತದೆ.

ಆದ್ದರಿಂದ ಸೋರಿಕೆ ಕಂಡ ದಿನವೇ ನಲ್ಲಿಗೆ ನೀರು ಬರುವ ವಾಲ್ವ್ ಮುಚ್ಚಿ, ಉಳಿದ ನೀರನ್ನು ಹರಿಯಬಿಟ್ಟು, ಹಲವು ಸುತ್ತು ತಿರುಗಿಸುವ ಮಾದರಿಯ ನಲ್ಲಿಯಾಗಿದ್ದರೆ ಅದರ ಮೇಲ್ಭಾಗವನ್ನು ಸ್ಪ್ಯಾನರಿನಿಂದ ಬಿಚ್ಚಿರಿ. ಹಳೆಯ ವಾಷರನ್ನು ಅಂಗಡಿಗೇ ಒಯ್ದು ಅದೇ ಅಳತೆಯದನ್ನು ತನ್ನಿರಿ (ಅಂದಾಜಿನಲ್ಲಿ ತಂದದ್ದು ಬಹುಮಟ್ಟಿಗೆ ಹೊಂದುವುದಿಲ್ಲ). ಬಿಳಿಯ ಪದರವನ್ನು ನಿಂಬೆರಸದಿಂದ ಉಜ್ಜಿ ತೆಗೆಯಿರಿ. ಜೋಡಿಸಿದ ಬಳಿಕ ನಲ್ಲಿಯನ್ನು ಅತಿಯಾಗಿ ಬಿಗಿಯಬೇಡಿ. ಹಾಗೆ ಬಿಗಿದರೆ ಹೊಸ ವಾಷರೂ ಬೇಗ ಸವೆಯುತ್ತದೆ.