ಬೀಟ್ ಪೊಲೀಸರಿಗೊಂದು ಅಭಿನಂದನಾ ಪತ್ರ

ಬೆಂಗಳೂರಿನಲ್ಲಿ ಪೊಲೀಸರಿಗೆ ಸನ್ಮಾನ ಎಂದರೆ ಅದು ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗಣೇಶೋತ್ಸವದ ಪೆಂಡಾಲಿಗೋ ರಾಜ್ಯೋತ್ಸವದ ವೇದಿಕೆಗೋ ಠಾಣೆಯ ಇನ್‌ಸ್ಪೆಕ್ಟರ್ ಅವರನ್ನು ಕರೆಯುತ್ತಾರೆ. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಹೊತ್ತಿಗೆ ನಮ್ಮ ಬೀದಿಗಳಲ್ಲಿ ರಾತ್ರಿ ಗಸ್ತು (ಬೀಟ್) ತಿರುಗುವ ಕಾನ್‌ಸ್ಟೆಬಲ್ ಪೆಂಡಾಲಿನ ಹೊರಗೆ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾ ನಿಂತಿರುತ್ತಾರೆ. ಅವರ ಹೆಸರು ಮೈಕಿನಲ್ಲಿ ಕೇಳಿಸುವುದೇ ಇಲ್ಲ. ದಕ್ಷಿಣ ಬೆಂಗಳೂರಿನ ನಮ್ಮ ಪುಟ್ಟ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ ಇದನ್ನು ಬದಲಿಸಲೇಬೇಕೆಂದು ನಾನು ಹಟ ಹಿಡಿದೆ. ಗೌರವ ಒಂದು ನಿರ್ದಿಷ್ಟ ಕೆಲಸಕ್ಕೆ ಸಲ್ಲಬೇಕು, ಆ ಕೆಲಸ ಯಾವುದೆಂದು ಅದರಿಂದ ನೆರವು ಪಡೆದವರೇ ಹೇಳಬೇಕು, ಹೇಳಿದ್ದು ಇಲಾಖೆಯ ಕಾಗದದಲ್ಲೂ ಸೇರಬೇಕು ಎಂಬುದು ನನ್ನ ಆಸೆಯಾಗಿತ್ತು. ಹಲವು ವರ್ಷಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದೇವೆ. ಹೇಗೆ ಎಂದು ಬೇರೆ ಬಡಾವಣೆಯವರು ಆಗಾಗ ಕೇಳುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸರ್ಕಾರವೇ ಪದಕ ಕೊಡುತ್ತದಲ್ಲ, ಬಡಾವಣೆಯವರಿಗೆ ಏಕೆ ಈ ಉಸಾಬರಿ ಎಂದು ಮೊದಲ ಸಭೆಯಲ್ಲೇ ಒಬ್ಬರು ಕೇಳಿದರು. ನಿಜ, ಕೊಡುತ್ತದೆ. ರಾಷ್ಟ್ರಪತಿ ಪದಕಗಳು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸಂದರ್ಭದಲ್ಲಿ ಪ್ರಕಟವಾಗುತ್ತವೆ. ರಾಜ್ಯದ ಮುಖ್ಯಮಂತ್ರಿ ಪದಕಗಳನ್ನು ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಪ್ರದಾನ ಮಾಡುತ್ತಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ 1965ರಲ್ಲಿ ಜಾರಿಗೆ ಬಂದ ದಿನ ಅದು. ಆದರೆ ಆ ಪದಕಗಳಿಗೆ ದೀರ್ಘ ಸೇವೆ ಬೇಕು, ಕಳಂಕವಿಲ್ಲದ ದಾಖಲೆ ಬೇಕು, ದೊಡ್ಡ ಪ್ರಕರಣಗಳ ತನಿಖೆಯ ಬೆಂಬಲವೂ ಇದ್ದರೆ ಒಳ್ಳೆಯದು. ಹೂವಾಡಗಿತ್ತಿಯ ತಕ್ಕಡಿಯನ್ನು ಒದ್ದು ಹೋದವನನ್ನು ಹುಡುಕಿ ತಂದು ಕ್ಷಮೆ ಕೇಳಿಸಿದ ಕಾನ್‌ಸ್ಟೆಬಲ್ ಅಷ್ಟು ಎತ್ತರದಿಂದ ಕಾಣಿಸುವುದಿಲ್ಲ. ಅವರು ಕಾಣುವುದು ನಮಗೆ ಮಾತ್ರ. ಕಂಡವರೇ ಹೇಳದಿದ್ದರೆ ಇನ್ನು ಯಾರು ಹೇಳಬೇಕು?

ಹೆಸರು ಸೂಚಿಸುವ ಕೆಲಸ ನಮ್ಮಲ್ಲಿ ಪುಸ್ತಕದಿಂದ ಶುರುವಾಗುತ್ತದೆ. ನಂದಿನಿ ಹಾಲಿನ ಮಳಿಗೆ, ಔಷಧಿ ಅಂಗಡಿ ಮತ್ತು ಗ್ರಂಥಾಲಯದಲ್ಲಿ ಒಂದೊಂದು ನೋಟ್ ಪುಸ್ತಕ ಇಡುತ್ತೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲೂ ಕೇಳುತ್ತೇವೆ; ಆದರೆ ಅಲ್ಲಿ ಬರುವುದು ಹೆಚ್ಚಾಗಿ ಸ್ವಂತ ಮನೆಯವರ ಮಾತು. ಪಾಸ್‌ಪೋರ್ಟ್ ಪರಿಶೀಲನೆ ಬೇಗ ಮುಗಿಸಿಕೊಟ್ಟರು, ಮಗಳ ಮದುವೆಯ ದಿನ ರಸ್ತೆಯಲ್ಲಿ ವಾಹನ ನಿಲ್ಲಿಸಲು ಬಿಟ್ಟರು ಎಂಬಂಥವು. ಮೊದಲನೆಯದು ಅವರ ನಿತ್ಯದ ಕರ್ತವ್ಯ, ಎರಡನೆಯದು ಹೊಗಳುವ ವಿಷಯವೇ ಅಲ್ಲ. ಹಾಗಾಗಿ ಪುಸ್ತಕದ ಮೊದಲ ಪುಟದಲ್ಲೇ ಒಂದು ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇವೆ: ‘ಅವರು ಮಾಡದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೂ ಮಾಡಿದ ಕೆಲಸ ಯಾವುದು?’ ಈ ಒಂದು ಪ್ರಶ್ನೆ ಅರ್ಧಕ್ಕರ್ಧ ಜೊಳ್ಳನ್ನು ತೂರಿಬಿಡುತ್ತದೆ.

ಬರೆಯಲು ಬಾರದವರ ಬಳಿಗೆ ನಾವೇ ಹೋಗುತ್ತೇವೆ. ಇದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ. ಬೆಳಗಿನ ಜಾವ ಕಸ ಗುಡಿಸುವ ಪೌರಕಾರ್ಮಿಕರು, ಕಟ್ಟಡದ ಕಾವಲುಗಾರರು, ಆಟೊ ನಿಲ್ದಾಣದವರು, ಮನೆಗೆಲಸದವರು, ತಳ್ಳುಗಾಡಿಯವರು ಪೊಲೀಸರನ್ನು ನೋಡುವಷ್ಟು ನಾವು ಮನೆಯೊಳಗೆ ಕುಳಿತವರು ನೋಡುವುದಿಲ್ಲ. ಯಾರು ಬೈಯುತ್ತಾರೆ, ಯಾರು ಕೈ ಚಾಚುತ್ತಾರೆ, ಯಾರು ನಿಂತು ಮಾತು ಕೇಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಒಬ್ಬ ಕಾವಲುಗಾರ ಹೇಳಿದ ಮಾತಿನ ಮೇಲೆ ನಾವು ಒಬ್ಬರ ಹೆಸರನ್ನು ಕೈಬಿಟ್ಟಿದ್ದೂ ಉಂಟು. ಗಸ್ತಿಗೆ ಬಂದುಹೋದ ಗುರುತಿಗೆಂದು ಇಟ್ಟಿರುವ ಬೀಟ್ ಪಾಯಿಂಟ್ ಪುಸ್ತಕದಲ್ಲಿ ಸಹಿ ಹಾಕಿ ಹೋಗುವವರು ಯಾರು, ಸಹಿ ಹಾಕಿದ ಮೇಲೂ ಆ ಓಣಿಯ ಕೊನೆಯವರೆಗೆ ನಡೆದು ಬರುವವರು ಯಾರು ಎಂದು ಇಂಥವರನ್ನೇ ಕೇಳಬೇಕು. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದ ಮೇಲೆ ಪ್ರತಿ ಬೀಟಿಗೂ ಇಂಥವರೇ ಹೊಣೆ ಎಂದು ಗೊತ್ತಾಗಿರುವುದರಿಂದ ಹೆಸರು ಹುಡುಕುವುದೂ ಸುಲಭವಾಗಿದೆ.

ಬಂದ ಹೆಸರುಗಳನ್ನು ಪರಿಶೀಲಿಸುವಾಗ ನಾವು ಕಟ್ಟುನಿಟ್ಟು. ಹೆಸರು ಸೂಚಿಸಿದವರನ್ನು ಸಮಿತಿಯ ಇಬ್ಬರು ಖುದ್ದಾಗಿ ಕಂಡು ಮಾತನಾಡುತ್ತಾರೆ. ಅದೇ ಘಟನೆಯನ್ನು ಕಂಡ ಇನ್ನೊಬ್ಬರನ್ನೂ ಹುಡುಕುತ್ತಾರೆ. ಹೆಸರು ಸೂಚಿಸಿದವರ ಮೇಲಾಗಲಿ ಅವರ ಹತ್ತಿರದವರ ಮೇಲಾಗಲಿ ಆ ಠಾಣೆಯಲ್ಲಿ ಪ್ರಕರಣ ನಡೆಯುತ್ತಿದ್ದರೆ ಆ ಸೂಚನೆಯನ್ನು ಬದಿಗಿಡುತ್ತೇವೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ. ಪ್ರಾಯೋಜಕರನ್ನು ಹತ್ತಿರ ಸೇರಿಸುವುದಿಲ್ಲ. ‘ಊಟದ ಖರ್ಚು ನನ್ನದು, ಬ್ಯಾನರಿನಲ್ಲಿ ಒಂದು ಹೆಸರು ಹಾಕಿ ಸಾಕು’ ಎಂದು ಕಟ್ಟಡ ಕಟ್ಟುವವರೊಬ್ಬರು ಬಂದಿದ್ದರು, ಕೈಮುಗಿದು ಕಳುಹಿಸಿದೆವು. ಸಂಘದ ಸದಸ್ಯತ್ವದ ಹಣದಲ್ಲಿ ಎಷ್ಟು ಆಗುತ್ತದೆಯೋ ಅಷ್ಟೇ ಕಾರ್ಯಕ್ರಮ. ಪೊಲೀಸರನ್ನು ಹೊಗಳುವ ವೇದಿಕೆ ಅವರಿಂದ ಏನಾದರೂ ಬೇಕಾದವರ ಕೈಗೆ ಸಿಕ್ಕರೆ, ಅಲ್ಲಿ ಆಡುವ ಒಂದೊಂದು ಒಳ್ಳೆಯ ಮಾತಿಗೂ ಬೆಲೆಚೀಟಿ ಅಂಟಿಕೊಳ್ಳುತ್ತದೆ.

ಇನ್ನು ಅನುಮತಿ. ಸರ್ಕಾರಿ ನೌಕರರು ತಮ್ಮ ಗೌರವಾರ್ಥ ನಡೆಯುವ ಸಮಾರಂಭದಲ್ಲಿ ಪಾಲ್ಗೊಳ್ಳುವುದಕ್ಕೂ ಉಡುಗೊರೆ ಪಡೆಯುವುದಕ್ಕೂ ನಡತೆ ನಿಯಮಗಳ ಕಟ್ಟುಪಾಡು ಇದೆ; ಕರ್ನಾಟಕದಲ್ಲಿ ಈಗಿರುವುದು 2021ರ ನಿಯಮಗಳು. ಇದನ್ನು ತಿಳಿಯದೆ ಯಾರೋ ಪ್ರೀತಿಯಿಂದ ಕೊಟ್ಟ ಬೆಳ್ಳಿ ಲೋಟ ಕಾನ್‌ಸ್ಟೆಬಲ್ ಒಬ್ಬರ ಪಾಲಿಗೆ ನೋಟಿಸ್ ಆಗಬಹುದು. ಆದ್ದರಿಂದ ಕಾರ್ಯಕ್ರಮಕ್ಕೆ ಸಾಕಷ್ಟು ಮುಂಚೆಯೇ ಇನ್‌ಸ್ಪೆಕ್ಟರ್ ಮತ್ತು ಎಸಿಪಿ ಅವರ ಮೂಲಕ ಡಿಸಿಪಿ ಕಚೇರಿಗೆ ಪತ್ರ ಬರೆಯುತ್ತೇವೆ. ಸಿಬ್ಬಂದಿಯ ಹೆಸರು ಮತ್ತು ಸಂಖ್ಯೆ, ಯಾವ ಕೆಲಸಕ್ಕಾಗಿ ಗೌರವ, ನಗದು ಅಥವಾ ಬೆಲೆಬಾಳುವ ವಸ್ತು ಯಾವುದನ್ನೂ ಕೊಡುವುದಿಲ್ಲ ಎಂಬ ಭರವಸೆ, ವೇದಿಕೆಯಲ್ಲಿ ಯಾರು ಇರುತ್ತಾರೆ ಎಂಬ ವಿವರ ಎಲ್ಲವೂ ಅದರಲ್ಲಿರುತ್ತದೆ. ಯಾರ ಮೇಲಾದರೂ ಇಲಾಖಾ ವಿಚಾರಣೆ ಇದ್ದರೆ ಈ ಹಂತದಲ್ಲೇ ತಿಳಿದುಬರುತ್ತದೆ. ನಾವು ಕೊಡುವುದು ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರ, ಜತೆಗೆ ಮನೆಯ ಮಕ್ಕಳಿಗೆ ಓದಲು ಒಂದು ಕನ್ನಡ ಪುಸ್ತಕ. ಹಾರ, ಪೇಟ ಇಲ್ಲ.

ಈಗ ಆ ಪತ್ರದ ಬಗ್ಗೆ ಹೇಳಬೇಕು. ನನ್ನ ಸಮಯ ಹೆಚ್ಚು ಹೋಗುವುದು ಅದರ ಮೇಲೇ. ಎಲ್ಲೆಡೆ ಕಾಣುವ ಸನ್ಮಾನ ಪತ್ರಗಳಲ್ಲಿ ‘ಕರ್ತವ್ಯನಿಷ್ಠೆ, ಪ್ರಾಮಾಣಿಕತೆ, ಜನಸ್ನೇಹಿ ನಡೆನುಡಿಗಳಿಂದ ನಾಡಿಗೆ ಮಾದರಿಯಾದ ತಾವು’ ಎಂಬ ಒಂದೇ ವಾಕ್ಯ ಇರುತ್ತದೆ, ಹೆಸರು ಮಾತ್ರ ಬದಲು. ಅದನ್ನು ಓದಿದವರಿಗೆ ಆ ವ್ಯಕ್ತಿ ಏನು ಮಾಡಿದರೆಂದು ಎಂದಿಗೂ ತಿಳಿಯುವುದಿಲ್ಲ. ನಾವು ಗುಣವಾಚಕಗಳನ್ನು ಪೂರ್ತಿ ಬಿಟ್ಟಿದ್ದೇವೆ. ಮಹಿಳಾ ಕಾನ್‌ಸ್ಟೆಬಲ್ ಒಬ್ಬರಿಗೆ ಕೊಟ್ಟ ಪತ್ರ ಹೀಗಿತ್ತು:

‘ಎಸ್‌ಎಸ್‌ಎಲ್‌ಸಿ ಫಲಿತಾಂಶದ ಸಂಜೆ ನಮ್ಮ ಬಡಾವಣೆಯ ಬಾಲಕಿಯೊಬ್ಬಳು ಮನೆ ಬಿಟ್ಟು ಹೋದಳು. ತಾವು ಅವಳ ತಾಯಿಯನ್ನು ಕೂರಿಸಿಕೊಂಡು, ಅವಳು ತೊಟ್ಟ ಬಟ್ಟೆ, ಅವಳ ಗೆಳತಿಯರು, ಅವಳ ಅಜ್ಜಿಯ ಊರು ಎಲ್ಲವನ್ನೂ ಕೇಳಿ ಬರೆದುಕೊಂಡಿರಿ. ಆ ಊರಿನ ಬಸ್ಸು ಹೊರಡುವ ಅಂಕಣ ಯಾವುದೆಂದು ತಿಳಿದುಕೊಂಡು ಮೆಜೆಸ್ಟಿಕ್‌ಗೆ ಹೋದಿರಿ. ಅವಳು ಅಲ್ಲಿ ಕುಳಿತಿದ್ದಳು. ಬೈಯದೆ, ಮೊದಲು ತಿಂಡಿ ಕೊಡಿಸಿದಿರಿ. ಮುಂದಿನ ವಾರಗಳಲ್ಲಿ ಪಾಳಿ ಮುಗಿದ ಮೇಲೆ ಅವಳ ಮನೆಗೆ ಹೋಗಿ, ಪರೀಕ್ಷೆ-2ಕ್ಕೆ ನೋಂದಣಿ ಆಗಿದೆಯೇ ಎಂದು ಶಾಲೆಯಲ್ಲೂ ವಿಚಾರಿಸಿದಿರಿ. ಅವಳು ಈಗ ಪಿಯುಸಿ ಓದುತ್ತಿದ್ದಾಳೆ. ಅವಳ ತಾಯಿಯ ಪರವಾಗಿಯೂ ನಮ್ಮೆಲ್ಲರ ಪರವಾಗಿಯೂ ತಮಗೆ ನಮಸ್ಕಾರ.’

ಇಷ್ಟೇ. ಹುಡುಗಿಯ ಹೆಸರಿಲ್ಲ, ಬೀದಿಯ ಹೆಸರಿಲ್ಲ. ಮಕ್ಕಳ ಮತ್ತು ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಹೊರಗೆಡಹದಂತೆ ಕಾನೂನೇ ತಡೆಯುತ್ತದೆ. ಕಾನೂನು ಇಲ್ಲದಿದ್ದರೂ ನಾವು ಬರೆಯುತ್ತಿರಲಿಲ್ಲ. ಕರಡನ್ನು ಮೊದಲು ಆ ತಾಯಿಗೆ ಓದಿ ಹೇಳಿದೆ. ‘ಬೈಯದೆ’ ಎಂಬ ಮಾತನ್ನು ಸೇರಿಸಿದ್ದು ಅವರೇ. ‘ನಾನಾಗಿದ್ದರೆ ಎರಡು ಏಟು ಹಾಕಿರುತ್ತಿದ್ದೆ, ಅವರು ಬೈಯಲಿಲ್ಲ, ಅದನ್ನು ಬರೆಯಿರಿ’ ಎಂದರು. ಇಂಥ ವಿವರ ಸಮಿತಿಯ ಕೊಠಡಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ.

ಇನ್ನೊಂದು ವರ್ಷ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಕೆಲಸ ನಮ್ಮ ಗಮನಕ್ಕೆ ಬಂತು. ಒಂಟಿಯಾಗಿ ಇರುವ ನಿವೃತ್ತರೊಬ್ಬರಿಗೆ ಪೊಲೀಸರ ಸೋಗಿನಲ್ಲಿ ಕರೆ ಮಾಡಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎಂದು ಹೆದರಿಸಿ ವಂಚಕರು ಹಣ ವರ್ಗಾಯಿಸಿಕೊಂಡಿದ್ದರು. ಅವರು ನಡುಗುತ್ತಾ ಠಾಣೆಗೆ ಬಂದಾಗ ಸೈಬರ್ ಠಾಣೆಗೆ ಹೋಗಿ ಎಂದು ಕೈತೋರಿಸುವುದು ಸುಲಭವಿತ್ತು. ಈ ಹೆಡ್ ಕಾನ್‌ಸ್ಟೆಬಲ್ ಅಲ್ಲೇ ಅವರ ಮೊಬೈಲಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ವರ್ಗಾವಣೆಯ ಸಂಖ್ಯೆಗಳನ್ನು ಒಂದೊಂದಾಗಿ ಓದಿ ಹೇಳಿದರು. ಹಣದ ಒಂದು ಭಾಗ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯಲ್ಪಟ್ಟಿತು. ಸೈಬರ್ ವಂಚನೆಯಲ್ಲಿ ಮೊದಲ ಗಂಟೆಗಳೇ ಎಲ್ಲ. ಆ ಹಿರಿಯರ ಪಾಲಿಗೆ ಉಳಿದದ್ದು ಹಣಕ್ಕಿಂತ ಹೆಚ್ಚಿನದು: ‘ನೀವು ದಡ್ಡರಲ್ಲ ಸರ್, ಓದಿದವರೇ ಮೋಸ ಹೋಗುತ್ತಿದ್ದಾರೆ’ ಎಂದು ಎಲ್ಲರೆದುರು ಅವರು ಹೇಳಿದ ಮಾತು.

ದಿನ ಹುಡುಕುವುದು ತಲೆನೋವಿನ ಕೆಲಸ. ಏಪ್ರಿಲ್ 2 ಇಲಾಖೆಯದೇ ಹಬ್ಬ. ಅಕ್ಟೋಬರ್ 21 ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ದಾಳಿಗೆ 10 ಮಂದಿ ಸಿಆರ್‌ಪಿಎಫ್ ಯೋಧರು ಬಲಿಯಾದ ನೆನಪು ಅದು. ಅಂದು ಸನ್ಮಾನ ಮಾಡುವುದು ನನಗೆ ಸರಿಕಾಣಲಿಲ್ಲ. ಗಣೇಶನ ಮೆರವಣಿಗೆಗಳು, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆ ಮತ್ತು ಎಂ.ಜಿ. ರಸ್ತೆ, ಜನವರಿ 26ಕ್ಕೆ ಮಾಣೆಕ್‌ ಷಾ ಮೈದಾನ, ಹೀಗೆ ನಮ್ಮ ಠಾಣೆಯವರನ್ನು ಬಂದೋಬಸ್ತಿಗೆ ಕರೆಸಿಕೊಳ್ಳುತ್ತಲೇ ಇರುತ್ತಾರೆ. ಫೆಬ್ರುವರಿಯ ಒಂದು ಭಾನುವಾರ ನಮಗೆ ಹೊಂದಿಕೆಯಾಗಿದೆ, ಶಿವರಾತ್ರಿಯನ್ನು ತಪ್ಪಿಸಿಕೊಂಡು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ವರ್ಷ ಅದನ್ನೂ ಮುಂದೂಡಬೇಕಾಗುತ್ತದೆ.

ಕಾರ್ಯಕ್ರಮ ಶಾಲೆಯ ಅಂಗಳದಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮುಂದಿನ ಸಾಲಿನ ಕುರ್ಚಿಗಳು ಸಿಬ್ಬಂದಿಯ ಮನೆಯವರಿಗೆ. ಹಬ್ಬದ ದಿನವೂ ಮನೆಯಲ್ಲಿ ಇರದ ಮನುಷ್ಯ ಎಲ್ಲಿ ಏನು ಮಾಡುತ್ತಿರುತ್ತಾರೆ ಎಂದು ಹೆಂಡತಿ ಮಕ್ಕಳು ಬೇರೆಯವರ ಬಾಯಲ್ಲಿ ಕೇಳಬೇಕು ಎಂಬುದು ನನ್ನ ಬಯಕೆ. ಭಾಷಣಗಳಿಲ್ಲ. ನಾಡಗೀತೆಯಾದ ಮೇಲೆ ನೆರವು ಪಡೆದವರು ಅಥವಾ ಅವರ ಪರವಾಗಿ ಒಬ್ಬರು ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ, ಅವರೇ ಕೊಡುತ್ತಾರೆ. ಆಟೊ ಚಾಲಕರೊಬ್ಬರು ಅಕ್ಷರ ಕೂಡಿಸಿಕೊಂಡು ಓದಿ ಮುಗಿಸಲು ತುಸು ಹೊತ್ತೇ ಹಿಡಿಯಿತು. ಅಷ್ಟು ಹೊತ್ತೂ ಎಸಿಪಿ ಎದ್ದು ನಿಂತೇ ಕೇಳಿದರು. ಹೊಯ್ಸಳ ಗಸ್ತು ವಾಹನದ ಸಿಬ್ಬಂದಿಯನ್ನು ಗೌರವಿಸಿದ ವರ್ಷ ತುರ್ತು ಸಹಾಯವಾಣಿ 112ರ ಕರೆ ಬಂದು ಅವರು ಪತ್ರ ಕೈಗೆ ಬರುವ ಮೊದಲೇ ಹೊರಟರು. ಒಬ್ಬರ ತಾಯಿ ವೇದಿಕೆಗೆ ಬಂದು ಮಗನ ಪತ್ರವನ್ನು ತೆಗೆದುಕೊಂಡರು. ಕೊನೆಗೆ ಉಪ್ಪಿಟ್ಟು, ಕೇಸರಿಬಾತ್, ಕಾಫಿ, ಒಂದು ಗುಂಪು ಫೋಟೊ. ಸಂಘದ ಕಚೇರಿಯ ಗೋಡೆಯ ಹಳೆಯ ಫೋಟೊಗಳಲ್ಲಿ ಕಾನ್‌ಸ್ಟೆಬಲ್‌ಗಳ ತಲೆಯ ಮೇಲೆ ಒಂದು ಬದಿ ಮಡಚಿದ ಸ್ಲೌಚ್ ಹ್ಯಾಟ್ ಇದೆ. 2025ರ ಅಕ್ಟೋಬರಿನಲ್ಲಿ ಅದು ಹೋಗಿ ಕಡುನೀಲಿ ಟೋಪಿ ಬಂದಿದೆ.

ಎಲ್ಲರೂ ಒಪ್ಪಿದ್ದಾರೆಂದಲ್ಲ. ಪೊಲೀಸರಿಂದ ಅವಮಾನ ಅನುಭವಿಸಿದವರು ನಮ್ಮ ಬಡಾವಣೆಯಲ್ಲೂ ಇದ್ದಾರೆ. ‘ಸಂಬಳ ತೆಗೆದುಕೊಂಡು ಮಾಡುವ ಕೆಲಸಕ್ಕೆ ಏಕೆ ಚಪ್ಪಾಳೆ?’ ಎಂದು ಯುವಕನೊಬ್ಬ ಸಭೆಯಲ್ಲಿ ಎದ್ದು ನಿಂತು ಕೇಳಿದಾಗ ಅವನ ಸಿಟ್ಟಿಗೆ ಕಾರಣವಿತ್ತು. ನಾನು ಅವನಿಗೆ ಹೇಳಿದ್ದು ಇಷ್ಟು: ನಾವು ಠಾಣೆಗೆ ಪ್ರಮಾಣಪತ್ರ ಕೊಡುತ್ತಿಲ್ಲ, ಒಂದು ಕೆಲಸವನ್ನು ನೆನೆಯುತ್ತಿದ್ದೇವೆ. ದೂರು ಇದ್ದರೆ ಅದರ ದಾರಿ ಬೇರೆ. ಠಾಣೆಯಲ್ಲಿ ನಡೆಯುವ ಜನಸಂಪರ್ಕ ಸಭೆ ಇದೆ, ಮೇಲಧಿಕಾರಿಗಳಿದ್ದಾರೆ, ಪೊಲೀಸ್ ಸುಧಾರಣೆ ಕುರಿತ 2006ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ರಾಜ್ಯದಲ್ಲಿ ರಚನೆಯಾದ ಪೊಲೀಸ್ ದೂರು ಪ್ರಾಧಿಕಾರವಿದೆ. ಅವನ ದೂರಿನ ಅರ್ಜಿಯನ್ನು ಬರೆಯಲು ನಾನೇ ಜತೆಗೆ ಕುಳಿತೆ. ಒಳ್ಳೆಯ ಕೆಲಸವನ್ನು ಹೆಸರು ಹಿಡಿದು ಹೇಳುವ ಸಂಘಕ್ಕೆ ಕೆಟ್ಟ ನಡೆಯನ್ನೂ ಹೆಸರು ಹಿಡಿದು ಹೇಳುವ ಬಾಯಿ ಇರಬೇಕು. ಇಲ್ಲದಿದ್ದರೆ ನಮ್ಮ ಹೊಗಳಿಕೆಗೆ ಅರ್ಥವಿಲ್ಲ.

ಕಾರ್ಯಕ್ರಮ ಮುಗಿದ ಮರುದಿನದ ಕೆಲಸವನ್ನು ಬಹಳ ಸಂಘಗಳು ಬಿಟ್ಟುಬಿಡುತ್ತವೆ. ಅಭಿನಂದನಾ ಪತ್ರದ ಪ್ರತಿಯನ್ನು ಘಟನೆಯ ದಿನಾಂಕ ಸಹಿತ ಡಿಸಿಪಿ ಕಚೇರಿಗೆ ಸಲ್ಲಿಸಿ, ಸಿಬ್ಬಂದಿಯ ಸೇವಾ ದಾಖಲೆಯಲ್ಲಿ ಉತ್ತಮ ಸೇವೆಯ ನಮೂದಿಗೆ ಪರಿಗಣಿಸುವಂತೆ ಕೋರುತ್ತೇವೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬರುತ್ತೇವೆ. ತೀರ್ಮಾನ ಅವರದು, ಒತ್ತಾಯ ನಮ್ಮದಲ್ಲ. ಗೋಡೆಗೆ ಹಾಕಿದ ಚೌಕಟ್ಟು ಕಾನ್‌ಸ್ಟೆಬಲ್‌ಗೆ ಸಂತೋಷ ಕೊಡುತ್ತದೆ. ಸೇವಾ ಪುಸ್ತಕದಲ್ಲಿ ಬಿದ್ದ ಒಂದು ಸಾಲು ವರ್ಗಾವಣೆಯಾದ ಮೇಲೂ ಅವರ ಹಿಂದೆ ಹೋಗುತ್ತದೆ. ಬೇರೆ ಠಾಣೆಗೆ ಹೋದವರನ್ನೂ ನಾವು ಕರೆಸಿಕೊಂಡು ಗೌರವಿಸಿದ್ದೇವೆ, ಅಲ್ಲಿನ ಇನ್‌ಸ್ಪೆಕ್ಟರ್ ಅವರಿಗೂ ಪತ್ರದ ಪ್ರತಿ ಕಳುಹಿಸಿದ್ದೇವೆ.

ಈ ವರ್ಷ ಗೃಹ ರಕ್ಷಕರನ್ನೂ ಸೇರಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಪೊಲೀಸರಷ್ಟೇ ಹೊತ್ತು ವೃತ್ತದಲ್ಲಿ ಬಿಸಿಲಲ್ಲಿ ನಿಲ್ಲುವ ಇವರಿಗೆ ಸಿಗುವುದು ದಿನದ ಲೆಕ್ಕದ ಭತ್ಯೆ. ಅವರು ಬೇರೆ ಇಲಾಖೆಗೆ ಸೇರಿದವರಾದ್ದರಿಂದ ಅನುಮತಿ ಪತ್ರದ ದಾರಿಯೂ ಬೇರೆ. ಅದನ್ನು ವಿಚಾರಿಸಲು ಒಬ್ಬರಿಗೆ ಹೊಣೆ ವಹಿಸಿದ್ದೇವೆ. ಹಾಲಿನ ಮಳಿಗೆಯ ಪುಸ್ತಕದಲ್ಲಿ ಆಗಲೇ ಒಂದು ಹೆಸರು ಬಂದಿದೆ. ಶಾಲೆಯ ಎದುರಿನ ತಿರುವಿನಲ್ಲಿ ಮಕ್ಕಳನ್ನು ರಸ್ತೆ ದಾಟಿಸುವ ಗೃಹ ರಕ್ಷಕರೊಬ್ಬರದು. ಬರೆದಿರುವುದು ನಾಲ್ಕನೆಯ ತರಗತಿಯ ಮಗು. ಆ ಮಗುವಿನ ಮನೆಗೆ ಬರುವ ಭಾನುವಾರ ನಾವಿಬ್ಬರು ಹೋಗುತ್ತಿದ್ದೇವೆ.