ಪಾಠದ ಸಂದಿಗಳಲ್ಲಿ ಏಳುವ ಗದ್ದಲ: ಶಿಕ್ಷಕ ತರಬೇತಿಯ ಬೋಧನಾಭ್ಯಾಸದಲ್ಲಿ ನಾನು ಕಂಡುಕೊಂಡದ್ದು

ಆರರಿಂದ ಎಂಟನೇ ತರಗತಿಯ ಮಕ್ಕಳು ಕೆಲಸದಲ್ಲಿ ಮುಳುಗಿರುವಾಗ ಗದ್ದಲ ಮಾಡುವುದು ಕಡಿಮೆ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ಅಂದರೆ ಪುಸ್ತಕ ತೆಗೆಯುವಾಗ, ಗುಂಪು ಮಾಡುವಾಗ, ನಾವು ಬೋರ್ಡಿನ ಕಡೆ ತಿರುಗಿದಾಗ, ತರಗತಿ ಕೈತಪ್ಪುತ್ತದೆ. ತರಗತಿ ನಿರ್ವಹಣೆಯ ಬಗ್ಗೆ 1970ರಲ್ಲಿ ಬರೆದ ಜೇಕಬ್ ಕೌನಿನ್ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ್ದೇ: ಗದರುವ ರೀತಿಗಿಂತ, ಇಡೀ ಕೋಣೆಯ ಮೇಲೆ ಕಣ್ಣಿಡುವುದು ಮತ್ತು ಪಾಠದ ಓಟ ಕಡಿಯದಂತೆ ನೋಡಿಕೊಳ್ಳುವುದು ಮುಖ್ಯ.

ಹಾಗಾಗಿ ನನ್ನ ಪಾಠಯೋಜನೆಯಲ್ಲಿ ‘ಈಗ ಮಕ್ಕಳ ಕೈಯಲ್ಲಿ ಏನಿದೆ?’ ಎಂಬ ಇನ್ನೊಂದು ಕಾಲಂ ಇರುತ್ತದೆ. ಅದು ಎಲ್ಲೆಲ್ಲಿ ಖಾಲಿಯೋ ಅಲ್ಲೆಲ್ಲ ಗಲಾಟೆ ಖಚಿತ.

40 ನಿಮಿಷದ ಪೀರಿಯಡ್ಡಿನಲ್ಲಿ ಮೊದಲ 4 ನಿಮಿಷಕ್ಕೆ ಬೋರ್ಡಿನ ಮೇಲೆ ಮೂರು ಪ್ರಶ್ನೆ: ಎರಡು ನಿನ್ನೆಯ ಪಾಠದಿಂದ, ಒಂದು ಹಿಂದಿನ ವಾರದ್ದು. ಮಕ್ಕಳು ಕೂತ ತಕ್ಷಣ ಬರೆಯಲು ಶುರುಮಾಡಬೇಕು; ನಾನು ಹಾಜರಿ ಹಾಕುವುದು ಆಗಲೇ. ಪ್ರಶ್ನೆಗಳು ಎಲ್ಲರಿಗೂ ಎಟುಕುವಷ್ಟು ಸುಲಭವಿರಬೇಕು. ಕಷ್ಟವಾದರೆ ಪಕ್ಕದವರನ್ನು ಕೇಳುತ್ತಾರೆ, ಅಲ್ಲಿಂದಲೇ ಮಾತು ಹರಡುತ್ತದೆ.

ಸೂಚನೆ ಕೊಡುವಾಗ ಒಂದೇ ಒಂದು ಕ್ರಮ ಬಿಡಬಾರದು: ಮೊದಲು ಹೇಳುವುದು, ಆಮೇಲೆ ಹಂಚುವುದು. ಸಾಮಾನು ಕೈಗೆ ಬಂದ ಮೇಲೆ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಒಂದು ಸಲಕ್ಕೆ ಮೂರು ಹಂತಕ್ಕಿಂತ ಹೆಚ್ಚು ಹೇಳುವುದಿಲ್ಲ, ಆ ಮೂರನ್ನೂ ಬೋರ್ಡಿನ ಮೇಲೆ ಬರೆದಿರುತ್ತೇನೆ. ‘ಅರ್ಥವಾಯಿತಾ?’ ಎಂದರೆ ‘ಹೂಂ’ ಅನ್ನುವುದು ಅಭ್ಯಾಸ. ‘ಮೊದಲು ಏನು ಮಾಡ್ತೀರಿ?’ ಎಂದು ಒಬ್ಬರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ವಿಜ್ಞಾನದ ಪ್ರಯೋಗದಲ್ಲಿ ಇದರ ಬೆಲೆ ಕಾಣುತ್ತದೆ. ಬಲ್ಬು ಉರಿಸುವ ಪ್ರಯೋಗಕ್ಕೆ ಪ್ರತಿ ಗುಂಪಿಗೆ ಒಂದು ಸೆಲ್, ಒಂದು ಬಲ್ಬು, ಎರಡು ವೈರು. ನಾಲ್ಕೂ ಒಟ್ಟಿಗೆ ಕೊಟ್ಟರೆ ಯಾರೋ ಒಬ್ಬರು ಸೆಲ್ಲಿನ ಎರಡೂ ತುದಿಗೆ ನೇರವಾಗಿ ವೈರು ಸೇರಿಸುತ್ತಾರೆ. ವೈರು ಬಿಸಿಯಾಗುತ್ತದೆ, ಸೆಲ್ ಬೇಗ ಸಾಯುತ್ತದೆ, ಬಲ್ಬು ಉರಿಯದೆ ಗುಂಪು ಗಲಾಟೆಗಿಳಿಯುತ್ತದೆ. ಬಲ್ಬು ಮತ್ತು ವೈರು ಮಾತ್ರ ಕೊಟ್ಟು, ಜೋಡಣೆಯ ಚಿತ್ರ ಬರೆಯಿಸಿ, ಚಿತ್ರ ತೋರಿಸಿದ ಗುಂಪಿಗೆ ಸೆಲ್ ಕೊಡುತ್ತೇನೆ. ಚಿತ್ರ ತಪ್ಪಿದ್ದರೂ ಶಾರ್ಟ್ ಆಗುವಂತಿಲ್ಲದಿದ್ದರೆ ಕೊಡುತ್ತೇನೆ. ಯಾಕೆ ಉರಿಯಲಿಲ್ಲ ಎಂದು ಅವರೇ ಹುಡುಕುವುದು ಈ ಪಾಠದ ತಿರುಳು. ಗುಂಪಿನಲ್ಲಿ ನಾಲ್ವರು ಸಾಕು. ಆರು ಜನರಾದರೆ ಇಬ್ಬರ ಕೈ ಖಾಲಿ ಉಳಿಯುತ್ತದೆ, ಆ ಇಬ್ಬರು ಪಕ್ಕದ ಗುಂಪಿಗೆ ಹೋಗುತ್ತಾರೆ.

ಪ್ರಶ್ನೆ ಕೇಳುವಾಗ ಹೆಸರು ಕೊನೆಗೆ. ಹೆಸರು ಮೊದಲು ಹೇಳಿದರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಪ್ರಶ್ನೆಗೂ ಹೆಸರಿಗೂ ನಡುವೆ 3 ಸೆಕೆಂಡ್ ಬಿಡಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನದಲ್ಲಿ ಶಿಕ್ಷಕರು ಸರಾಸರಿ ಕಾಯುತ್ತಿದ್ದುದು 1 ಸೆಕೆಂಡಿನಷ್ಟು. ಅದನ್ನು 3ಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ತರಬೇತಿಯಲ್ಲಿರುವವರಿಗೆ ಆ 3 ಸೆಕೆಂಡಿನ ಮೌನ ತುಂಬ ಉದ್ದ ಅನಿಸುತ್ತದೆ. ನಾನು ಮನಸ್ಸಿನಲ್ಲೇ ಎಣಿಸುತ್ತೇನೆ. ಒಕ್ಕೊರಲಿನ ಉತ್ತರ ಕೇಳಲು ಚೆಂದ, ಆದರೆ ನಾಲ್ಕೈದು ಗಟ್ಟಿ ದನಿಗಳ ಹಿಂದೆ ಗೊತ್ತಿಲ್ಲದವರೆಲ್ಲ ಅಡಗಿರುತ್ತಾರೆ.

ಗದ್ದಲ ಎದ್ದೇಬಿಟ್ಟರೆ ಅದರ ಮೇಲೆ ಕೂಗಬಾರದು; ನಮ್ಮ ದನಿ ಏರಿದಷ್ಟೂ ಅವರದ್ದೂ ಏರುತ್ತದೆ. ಕೈ ಎತ್ತಿ ಒಂದೇ ಕಡೆ ನಿಂತು 5ರಿಂದ 1ಕ್ಕೆ ನಿಧಾನವಾಗಿ ಎಣಿಸುತ್ತೇನೆ: ‘ಐದು, ಪೆನ್ನು ಕೆಳಗೆ, ನಾಲ್ಕು, ಕಣ್ಣು ಇತ್ತ’. ಬರೀ ಅಂಕಿ ಎಣಿಸಿದರೆ ಏನು ಮಾಡಬೇಕೆಂದು ತಿಳಿಯದು.

ಒಬ್ಬರನ್ನು ತಿದ್ದುವುದು ಬೇರೆಯೇ ಕೆಲಸ. ಈ ವಯಸ್ಸಿನಲ್ಲಿ ಗೆಳೆಯರ ಮುಂದೆ ತಲೆ ತಗ್ಗಿಸುವುದಕ್ಕಿಂತ ಎದುರು ಮಾತಾಡುವುದೇ ಅವರಿಗೆ ಸಲೀಸು. ಅದಕ್ಕೆ ಬೆಂಚಿನ ಪಕ್ಕ ಬಗ್ಗಿ, ಮೆಲ್ಲಗೆ, ‘ಎರಡನೇ ಲೆಕ್ಕ ಶುರುಮಾಡು, ಆಮೇಲೆ ಬಂದು ನೋಡ್ತೀನಿ’ ಎಂದಷ್ಟೇ ಹೇಳಿ ಅಲ್ಲಿಂದ ಹೊರಟುಬಿಡುತ್ತೇನೆ. ಅಲ್ಲೇ ನಿಂತು ಕಾದರೆ ಹಟ ಹುಟ್ಟುತ್ತದೆ. ಇಡೀ ತರಗತಿಗೆ ಶಿಕ್ಷೆ, ನೂರು ಸಲ ಬರೆಯುವ ಶಿಕ್ಷೆ, ಎರಡೂ ಬೇಡವೇ ಬೇಡ. ಮೊದಲನೆಯದು ತಪ್ಪು ಮಾಡದವರ ನಂಬಿಕೆ ಕಳೆಯುತ್ತದೆ, ಎರಡನೆಯದು ಬರವಣಿಗೆಯನ್ನೇ ಶತ್ರು ಮಾಡುತ್ತದೆ.

ತರಗತಿಯ ಖಾಯಂ ಶಿಕ್ಷಕರು ಬಳಸುವ ಸನ್ನೆ, ನಿಯಮಗಳನ್ನು ಮೊದಲೇ ಕೇಳಿಕೊಳ್ಳಿ. ಕೆಲವೇ ವಾರ ಇರುವ ನಾವು ಹೊಸದನ್ನು ತಂದರೆ ಮಕ್ಕಳು ಎರಡನ್ನೂ ಬಿಡುತ್ತಾರೆ.

ಕೊನೆಯ 3 ನಿಮಿಷ ಒಂದು ಚೀಟಿ, ಒಂದೇ ಪ್ರಶ್ನೆ. ಅದನ್ನು ಬಾಗಿಲಲ್ಲಿ ಕೊಟ್ಟು ಸಾಲಾಗಿ ಹೊರಡಬೇಕು. ಸರಿ, ಅರ್ಧ ಸರಿ, ತಪ್ಪು ಎಂದು ಮೂರು ಕಟ್ಟು ಮಾಡಿದರೆ ನಾಳೆ ಬೋರ್ಡಿನ ಮೇಲೆ ಬರೆಯಬೇಕಾದ ಪ್ರಶ್ನೆಗಳು ಅದರಲ್ಲೇ ಸಿಗುತ್ತವೆ.