500 ಪ್ರಾಬ್ಲಂ ಬಿಡಿಸದೆ ಸೀನಿಯರ್ ಇಂಟರ್‌ವ್ಯೂ ದಾಟಿದ್ದು

"ಇಂಟರ್‌ವ್ಯೂಗೆ 70 ಕೋಡಿಂಗ್ ಪ್ರಾಬ್ಲಂ ಯಾವ ಮೂಲೆಗೂ ಸಾಲಲ್ಲ, ಕಮ್ಮಿ ಅಂದ್ರೂ 500 ಬಿಡಿಸು" ಅಂತ ಜೊತೆಗೆ ಕೆಲಸ ಮಾಡುವ ನಾಲ್ಕೈದು ಜನ ಹೇಳಿದ್ದರು. ನಾನು ಬಿಡಿಸಿದ್ದು ಹೆಚ್ಚುಕಮ್ಮಿ 70. ಐದು ತಿಂಗಳಾದ ಮೇಲೆ ಕೈಯಲ್ಲಿ ಎರಡು ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್ ಕೆಲಸದ ಆಫರ್ ಇತ್ತು. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ. ಹ್ಯಾಶ್ ಮ್ಯಾಪ್ ಅಂದ್ರೇನು, ಲೋಡ್ ಬ್ಯಾಲೆನ್ಸರ್ ಅಂದ್ರೇನು ಅಂತೆಲ್ಲ ಹೇಳುತ್ತಾ ಕೂರಲ್ಲ. ಅದು ನಿಮಗೆ ಗೊತ್ತಿರುತ್ತೆ.

ಮೊದಲು ಸೋತಿದ್ದನ್ನು ಹೇಳುತ್ತೇನೆ. ಒಂಬತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಅದನ್ನೇ ತಾನೇ ಕೇಳುತ್ತಾರೆ ಅಂದುಕೊಂಡು ತಯಾರಿ ಇಲ್ಲದೆ ಸುಮ್ನೆ ಹೋಗಿ ಕೂತೆ. ನಾಲ್ಕು ಕಂಪನಿ. ನಾಲ್ಕೂ ಕಡೆ ಇಲ್ಲ ಅಂದರು. ಎರಡು ಕಡೆ ಕೋಡಿಂಗ್ ರೌಂಡ್‌ನಲ್ಲಿ ಹೋಯಿತು, ಅದಕ್ಕೆ ಅಷ್ಟು ಬೇಜಾರಾಗಲಿಲ್ಲ. ಇನ್ನೆರಡು ಕಡೆ ಹೋಗಿದ್ದು ಸಿಸ್ಟಂ ಡಿಸೈನ್‌ನಲ್ಲಿ, ಅಂದರೆ ಒಂದು ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆ ಹೇಗಿರಬೇಕು ಅಂತ ಬೋರ್ಡ್ ಮೇಲೆ ಬರೆದು ವಿವರಿಸುವ ರೌಂಡ್‌ನಲ್ಲಿ. ಅದು ಮಾತ್ರ ತುಂಬಾ ದಿನ ಕೊರೆಯಿತು, ಯಾಕೆಂದರೆ ದಿನಾ ನಾನು ಮಾಡುವ ಕೆಲಸವೇ ಅದು.

ಒಂದು ರೌಂಡ್ ಚೆನ್ನಾಗಿ ನೆನಪಿದೆ. ನೋಟಿಫಿಕೇಶನ್ ಕಳಿಸುವ ವ್ಯವಸ್ಥೆ ಬರೆಯಿರಿ ಅಂದರು. ಎರಡೇ ನಿಮಿಷದಲ್ಲಿ ಬೋರ್ಡ್ ಮೇಲೆ ಕಾಫ್ಕಾ (ಭಾರೀ ಪ್ರಮಾಣದ ಸಂದೇಶಗಳನ್ನು ಸಾಲಾಗಿ ಇಟ್ಟು ಹಂಚುವ ಸಾಫ್ಟ್‌ವೇರ್) ಅಂತ ಒಂದು ಡಬ್ಬಿ ಬರೆದೆ. "ಯಾಕೆ ಕಾಫ್ಕಾ?" ಅಂತ ಕೇಳಿದರು. ಸ್ಕೇಲ್ ಆಗುತ್ತೆ ಅಂದೆ. "ದಿನಕ್ಕೆ 1 ಕೋಟಿ ನೋಟಿಫಿಕೇಶನ್ ಅಂದ್ರೆ ಸೆಕೆಂಡಿಗೆ ಎಷ್ಟು?" ನನಗೆ ತಕ್ಷಣ ಹೊಳೆಯಲಿಲ್ಲ. ಅವರೇ ಲೆಕ್ಕ ಹಾಕಿದರು. ದಿನಕ್ಕೆ 86,400 ಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 116. ಒತ್ತಡದ ಹೊತ್ತಲ್ಲಿ ಹತ್ತು ಪಟ್ಟು ಆದರೂ 1,200ರ ಆಸುಪಾಸು. "ಇಷ್ಟಕ್ಕೆ ಹಲವು ಸರ್ವರ್‌ಗಳ ಒಂದು ಕ್ಲಸ್ಟರ್ ಸಾಕಬೇಕಾ?" ಅಂದರು. ಉಳಿದ ಅರ್ಧ ಗಂಟೆ ನಾನು ಬರೆದ ಡಬ್ಬಿಗೆ ಕಾರಣ ಹುಡುಕುವುದರಲ್ಲೇ ಕಳೆಯಿತು.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ದುಡ್ಡು ಸುರಿದೆ. ತಿಂಗಳ ಸಂಬಳದಲ್ಲಿ ಮೂರನೇ ಒಂದು ಭಾಗ ಕೊಟ್ಟು ಒಂದು ವಿಡಿಯೋ ಕೋರ್ಸ್ ತಗೊಂಡೆ. ಸುಮಾರು 60 ಗಂಟೆಯ ವಿಡಿಯೋ, ನೋಡಿದ್ದು 20 ಗಂಟೆ. ನೋಡುವಾಗ ಎಲ್ಲ ಅರ್ಥ ಆಗುತ್ತಿತ್ತು, ಬಾಯಿ ಬಿಟ್ಟು ಹೇಳಲು ಹೋದರೆ ಒಂದೂ ಬರುತ್ತಿರಲಿಲ್ಲ. ಇನ್ನೊಂದು ಸ್ವಲ್ಪ ದುಡ್ಡು ಮೂರು ಮಾಕ್ ಇಂಟರ್‌ವ್ಯೂಗೆ, ಅಂದರೆ ಅಭ್ಯಾಸಕ್ಕೆ ಮಾಡುವ ನಕಲಿ ಇಂಟರ್‌ವ್ಯೂಗೆ ಹೋಯಿತು. ಮೊದಲನೆಯದು ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಉಳಿದ ಎರಡು ದಂಡ. "ಕಾನ್ಫಿಡೆನ್ಸ್ ಜಾಸ್ತಿ ಇರಲಿ" ಅನ್ನುವುದನ್ನು ಕೇಳೋಕೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಆದರೆ ಆ ಮೊದಲ ಮಾಕ್‌ನಿಂದ ಒಂದು ಒಳ್ಳೆಯ ವಸ್ತು ಸಿಕ್ಕಿತು, ರೆಕಾರ್ಡಿಂಗ್. ರಾತ್ರಿ ಕೂತು ಪೂರ್ತಿ ಕೇಳಿದೆ. "ನಾವು ಮಾಡಿದ್ವಿ, ನಾವು ಬದಲಾಯಿಸಿದ್ವಿ, ನಾವು ನೋಡಿದ್ವಿ." ಪೆನ್ನು ತಗೊಂಡು ಗೀಟು ಹಾಕುತ್ತಾ ಹೋದೆ. 40 ನಿಮಿಷದಲ್ಲಿ "ನಾವು" 23 ಸಲ, "ನಾನು" ಎರಡೇ ಸಲ. ಅದನ್ನು ಕೇಳಿದ ಯಾರಿಗೇ ಆಗಲಿ, ಈ ಮನುಷ್ಯ ಏನು ಮಾಡಿದ ಅಂತ ಗೊತ್ತಾಗುವ ಹಾಗೇ ಇರಲಿಲ್ಲ. ಇನ್ನೊಂದು ವಿಷಯ, ಡಿಸೈನ್ ಪ್ರಶ್ನೆಯಲ್ಲಿ ನನ್ನ ಬಾಯಿಂದ ಮೊದಲ ಅಂಕಿ ಬಂದಿದ್ದು 11ನೇ ನಿಮಿಷದಲ್ಲಿ. ನನ್ನ ವಿಧಾನ ಹುಟ್ಟಿದ್ದು ಆ ರಾತ್ರಿ. ಹೊಸದು ಓದುವುದು ನಿಲ್ಲಿಸಿದೆ. ಗೊತ್ತಿರುವುದನ್ನೇ ಗಟ್ಟಿಯಾಗಿ ಹೇಳುವುದು, ರೆಕಾರ್ಡ್ ಮಾಡುವುದು, ಮಾರನೇ ದಿನ ಕೇಳುವುದು, ಮತ್ತೆ ಹೇಳುವುದು. ಇಷ್ಟೇ. ಗೆಳೆಯರು ಇದನ್ನು ಕೇಳಿ "ಇದೇನು ಭಾಷಣ ಸ್ಪರ್ಧೆನಾ?" ಅಂದರು.

ನನ್ನದೇ ಕೆಲಸದಿಂದ ಎಂಟು ಕಥೆ ಆರಿಸಿಕೊಂಡೆ. ಪ್ರತಿಯೊಂದನ್ನೂ 2 ನಿಮಿಷಕ್ಕೆ ಒಂದು ಥರ, 10 ನಿಮಿಷಕ್ಕೆ ಒಂದು ಥರ ಹೇಳಿ ಪಳಗಿಸಿದೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ನಾನೇ ಮಾಡಿದ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದು ದೊಡ್ಡ ಟೇಬಲ್ ಮೇಲೆ ನೇರವಾಗಿ ಕ್ರಿಯೇಟ್ ಇಂಡೆಕ್ಸ್ (ಹುಡುಕಾಟ ಬೇಗ ಆಗಲು ಸೂಚಿ ಕಟ್ಟುವ ಕಮಾಂಡ್) ಓಡಿಸಿದ್ದೆ. ಓದುವುದಕ್ಕೆ ತೊಂದರೆ ಇಲ್ಲ, ಆದರೆ ಬರೆಯುವುದೆಲ್ಲ ನಿಂತುಹೋಯಿತು. ಸುಮಾರು 20 ನಿಮಿಷ ಆರ್ಡರ್‌ಗಳು ಸಾಲುಗಟ್ಟಿದವು. ಮೊದಮೊದಲು ಈ ಕಥೆಯಲ್ಲಿ "ಪ್ರೊಸೆಸ್ ಸರಿ ಇರಲಿಲ್ಲ" ಅಂತ ಹೇಳುತ್ತಿದ್ದೆ. ರೆಕಾರ್ಡಿಂಗ್ ಕೇಳಿದಾಗ ನನಗೇ ಅದು ಜಾರಿಕೊಂಡ ಹಾಗೆ ಕೇಳಿಸಿತು. ಆಮೇಲೆ ನೇರವಾಗಿ ಹೇಳತೊಡಗಿದೆ: ಕಮಾಂಡ್ ಒತ್ತಿದ್ದು ನಾನು, ಬರೆಯುವುದನ್ನು ತಡೆಯದೆ ಇಂಡೆಕ್ಸ್ ಕಟ್ಟುವ ಕನ್ಕರೆಂಟ್ಲಿ ಆಯ್ಕೆ ಹಾಕಬೇಕಿತ್ತು, ಹಾಕಲಿಲ್ಲ. ಒಬ್ಬರು ಮರುಪ್ರಶ್ನೆ ಹಾಕಿದರು, "ಕನ್ಕರೆಂಟ್ಲಿ ಹಾಕಿ ನಡುವೆ ಫೇಲ್ ಆದರೆ?" ಕೆಲಸಕ್ಕೆ ಬಾರದ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಹಾಗೇ ಉಳಿಯುತ್ತೆ, ಅದನ್ನು ಡ್ರಾಪ್ ಮಾಡಿ ಮತ್ತೆ ಮಾಡಬೇಕು, ಟ್ರಾನ್ಸಾಕ್ಷನ್ (ಎಲ್ಲ ಆಗಬೇಕು, ಇಲ್ಲ ಅಂದ್ರೆ ಒಂದೂ ಆಗಬಾರದು ಅನ್ನುವ ಕಟ್ಟು) ಒಳಗೆ ಅದನ್ನು ಓಡಿಸಲೂ ಬರಲ್ಲ ಅಂದೆ. ಆ ಕ್ಷಣದಿಂದ ಮಾತುಕತೆಯ ಧಾಟಿಯೇ ಬದಲಾಯಿತು. ಪೆಟ್ಟು ತಿಂದವರಿಗೆ ಮಾತ್ರ ಗೊತ್ತಿರುವ ವಿವರ ಅವು. ಅಂಥವು ನಿಮ್ಮ ಹತ್ತಿರವೂ ಖಂಡಿತ ಇರುತ್ತವೆ.

ಕೋಡಿಂಗ್ ಬಗ್ಗೆ ಹೆಚ್ಚು ಹೇಳಲ್ಲ. ಲೀಟ್‌ಕೋಡ್ ಅನ್ನುವ ಅಭ್ಯಾಸದ ವೆಬ್‌ಸೈಟ್‌ನಿಂದ 70 ಆರಿಸಿ ಒಂದೊಂದನ್ನೂ ಮೂರು ಸಲ ಬಿಡಿಸಿದೆ. ಮೊದಲ ಸಲ, ನಾಲ್ಕು ದಿನ ಬಿಟ್ಟು, ಮತ್ತೆ ಎರಡು ವಾರ ಬಿಟ್ಟು. 35 ನಿಮಿಷದ ಟೈಮರ್, ಆಟೋಕಂಪ್ಲೀಟ್ ಇಲ್ಲದ ಖಾಲಿ ಎಡಿಟರ್, ಬಾಯಿ ನಿಲ್ಲಿಸುವ ಹಾಗಿಲ್ಲ. ಕೋಡ್ ಬರೆಯುವ ಮುಂಚೆ ಮೂರು ಇನ್‌ಪುಟ್ ಬರೆದಿಟ್ಟುಕೊಳ್ಳುತ್ತಿದ್ದೆ: ಖಾಲಿ, ಒಂದೇ ಎಲಿಮೆಂಟ್, ತೀರಾ ದೊಡ್ಡದು. ಬೈನರಿ ಸರ್ಚ್‌ನಲ್ಲಿ (ಜೋಡಿಸಿಟ್ಟ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವುದು) ಎರಡು ತುದಿ ಕೂಡಿಸಿ ಅರ್ಧ ಮಾಡಿದರೆ, ಜಾವಾದಂಥ ಭಾಷೆಯಲ್ಲಿ ತೀರಾ ದೊಡ್ಡ ಅರೇ ಇದ್ದಾಗ ಓವರ್‌ಫ್ಲೋ ಆಗುತ್ತೆ, ಅಂದರೆ ಮೊತ್ತ ಸಂಖ್ಯೆಯ ಮಿತಿ ಮೀರುತ್ತೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಇದ್ದು 2006ರಲ್ಲಿ ಬೆಳಕಿಗೆ ಬಂತು. ಇದನ್ನು ಕೇಳುವ ಮುಂಚೆಯೇ ಹೇಳಿದರೆ ಎದುರಿಗೆ ಕೂತವರ ಮುಖ ಅರಳುತ್ತೆ. ಎರಡು ಕಡೆ ನೋಡಿದ್ದೇನೆ.

ನಡುವೆ ಒಂದು ಅಡ್ಡದಾರಿ ಹಿಡಿದೆ, ಮೂರು ವಾರಾಂತ್ಯ ಹೋಯಿತು, ಒಂದು ಚೂರೂ ಬೇಸರ ಇಲ್ಲ. ರೇಟ್ ಲಿಮಿಟರ್ (ಇಷ್ಟು ಹೊತ್ತಿಗೆ ಇಷ್ಟೇ ರಿಕ್ವೆಸ್ಟ್ ಅಂತ ತಡೆಯುವ ಕೋಡ್) ಬಗ್ಗೆ ಓದುವ ಬದಲು ಒಂದನ್ನು ಬರೆದೇಬಿಟ್ಟೆ. ಮೊದಲು ಪ್ರತಿ ನಿಮಿಷ ಎಣಿಕೆ ಹೊಸದಾಗಿ ಶುರುವಾಗುವ ಫಿಕ್ಸೆಡ್ ವಿಂಡೋ, ನಿಮಿಷಕ್ಕೆ 100. 59ನೇ ಸೆಕೆಂಡಿಗೆ 100 ರಿಕ್ವೆಸ್ಟ್ ಎಸೆದೆ, ಮುಂದಿನ ನಿಮಿಷದ ಮೊದಲ ಸೆಕೆಂಡಿಗೆ ಇನ್ನೊಂದು 100. ಎರಡು ಸೆಕೆಂಡಲ್ಲಿ 200 ಒಳಗೆ ನುಗ್ಗಿತು, ಲಿಮಿಟರ್ ಒಂದನ್ನೂ ತಡೆಯಲಿಲ್ಲ. ಗ್ರಾಫ್‌ನಲ್ಲಿ ಆ ಚೂಪು ಗೋಪುರ ಕಣ್ಣಾರೆ ನೋಡಿದ ಮೇಲೆ ಒಂದೇ ವೇಗದಲ್ಲಿ ಟೋಕನ್ ತುಂಬುತ್ತಾ, ಟೋಕನ್ ಇದ್ದರೆ ಮಾತ್ರ ಒಳಗೆ ಬಿಡುವ ಟೋಕನ್ ಬಕೆಟ್ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹುಮ್ಮಸ್ಸಿನಲ್ಲಿ ಮೂರು ಸರ್ವಿಸ್ ಒಂದರ ಹಿಂದೆ ಒಂದು ಜೋಡಿಸಿ, ಮೂರಕ್ಕೂ ತಲಾ ಮೂರು ಸಲ ಪ್ರಯತ್ನಿಸು ಅಂತ ಹಾಕಿ, ಕೊನೆಯ ಡೇಟಾಬೇಸ್ ಕೆಡಿಸಿದೆ. ಬಳಕೆದಾರನ ಒಂದು ಕ್ಲಿಕ್ಕಿಗೆ ಡೇಟಾಬೇಸ್ ಮೇಲೆ 3×3×3, ಅಂದರೆ 27 ಹೊಡೆತ. ಅಲ್ಲಿಂದ ರಿಟ್ರೈ ಒಂದೇ ಪದರದಲ್ಲಿರಲಿ, ನಡುವಿನ ಕಾಯುವ ಹೊತ್ತು ಒಂದೇ ಸಮ ಇರದಿರಲಿ ಅಂತ ಎಲ್ಲ ಡಿಸೈನ್‌ನಲ್ಲೂ ಹೇಳುತ್ತೇನೆ.

ದುಡ್ಡು ಕೊಡುವ ಮಾಕ್ ಬಿಟ್ಟು, ಕೆಲಸ ಹುಡುಕುತ್ತಿದ್ದ ಇನ್ನಿಬ್ಬರ ಜೊತೆ ಪಾಳಿ ಮಾಡಿಕೊಂಡೆ. ಈ ವಾರ ನೀನು ನನ್ನನ್ನು ಕೇಳು, ಮುಂದಿನ ವಾರ ನಾನು ನಿನ್ನನ್ನು ಕೇಳುತ್ತೇನೆ. ಕೇಳುವ ಕುರ್ಚಿಯಲ್ಲಿ ಕೂತಾಗ ಕಲಿತಿದ್ದೇ ಹೆಚ್ಚು. ಎದುರಿನವರು ಅಂಕಿ ಕೇಳದೆ ಡಬ್ಬಿ ಬರೆಯಲು ಶುರು ಮಾಡಿದರೆ ಎಷ್ಟು ಕಸಿವಿಸಿ ಆಗುತ್ತೆ ಅನ್ನುವುದು ಆಗ ಗೊತ್ತಾಯಿತು. ಡಿಸೈನ್ ಶುರುವಿಗೆ ಕೇಳಲು ನಾಲ್ಕು ಪ್ರಶ್ನೆ, ಅದಕ್ಕೊಂದು ಕ್ರಮ ಮಾಡಿಕೊಂಡಿದ್ದೇನೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ, ಇನ್ನೂ ಒಂದೆರಡು ಸಲ ನನಗೇ ಬೇಕಾಗುತ್ತೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಅಷ್ಟೊಂದು ಬೇಡದ ಕಂಪನಿಗಳನ್ನು ಮೊದಲು, ಬೇಕೇಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡೆ. ಆಫರ್ ಎರಡೂ ಒಂದೇ ವಾರದಲ್ಲಿ ಬರುವ ಹಾಗೆ ರೌಂಡ್‌ಗಳ ದಿನಾಂಕ ಎಳೆದಾಡಿದೆ. ಈಗಿನ ಸಂಬಳ ಎಷ್ಟು ಅಂತ ಕೇಳಿದಾಗಲೆಲ್ಲ, ಈ ಹುದ್ದೆಗೆ ನಿಮ್ಮ ಮಿತಿ ಎಷ್ಟಿಂದ ಎಷ್ಟು ಅಂತ ತಿರುಗಿ ಕೇಳಿದೆ. ಮೊದಲು ಹೇಳಿದ ಮೊತ್ತಕ್ಕಿಂತ ಶೇ 18ರಷ್ಟು ಮೇಲೆ ಮುಗಿಯಿತು. ಜಾಯಿನಿಂಗ್ ಬೋನಸ್ ಒಳಗೆ ಒಂದು ಗಂಟು ಇತ್ತು, ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು. ತಿಂಗಳಿಗೆ ಇಷ್ಟು ಅಂತ ಕಡಿಮೆ ಆಗುತ್ತಾ ಹೋಗಲಿ ಅಂದೆ, ಒಪ್ಪಿದರು. ಕೇಳಿದ್ದಕ್ಕೆ ಸಿಕ್ಕಿತು. ಹಳೆಯ ಕಂಪನಿಯ ಬೋನಸ್ ಮಾತ್ರ ಕೈತಪ್ಪಿತು, ಎರಡು ತಿಂಗಳ ಅಂತರದಲ್ಲಿ. ಅದನ್ನು ಮೊದಲೇ ಲೆಕ್ಕ ಹಾಕಬೇಕಿತ್ತು.

ಕೊನೆಯ ಕಂಪನಿಯ ಡಿಸೈನ್ ರೌಂಡ್‌ನಲ್ಲಿ ಮತ್ತೆ ಬಂದಿದ್ದು ಹೆಚ್ಚುಕಮ್ಮಿ ಅದೇ ನೋಟಿಫಿಕೇಶನ್ ಪ್ರಶ್ನೆ. ಈ ಸಲ ಪೆನ್ನು ಮುಟ್ಟಲಿಲ್ಲ. ದಿನಕ್ಕೆ ಎಷ್ಟು, ಒತ್ತಡದಲ್ಲಿ ಎಷ್ಟು, ಎರಡು ಸಲ ಹೋದರೆ ನಷ್ಟ ಏನು ಅಂತ ಕೇಳಿದೆ. ಸೆಕೆಂಡಿಗೆ ಸಾವಿರದ ಸುತ್ತಮುತ್ತ ಬಂತು. ಒಂದು ಪೋಸ್ಟ್‌ಗ್ರೆಸ್ ಟೇಬಲ್ ಸಾಕು ಅಂದೆ. ಆರ್ಡರ್ ಬರೆಯುವ ಟ್ರಾನ್ಸಾಕ್ಷನ್‌ನಲ್ಲೇ ನೋಟಿಫಿಕೇಶನ್ ಸಾಲನ್ನೂ ಬರೆಯುವುದು, ವರ್ಕರ್‌ಗಳು (ಸಂದೇಶ ಕಳಿಸುವ ಪ್ರೋಗ್ರಾಂಗಳು) ಸ್ಕಿಪ್ ಲಾಕ್ಡ್ ಹಾಕಿ, ಅಂದರೆ ಬೇರೆಯವರು ಹಿಡಿದ ಸಾಲು ಬಿಟ್ಟು, ತಮ್ಮ ಪಾಲಿನ ಸಾಲು ಎತ್ತಿಕೊಳ್ಳುವುದು, ಒಬ್ಬರಿಗೊಬ್ಬರು ಕಾಯುವ ಮಾತೇ ಇಲ್ಲ. ಪೋಸ್ಟ್‌ಗ್ರೆಸ್ 9.5ನೇ ಆವೃತ್ತಿಯಿಂದ ಸ್ಕಿಪ್ ಲಾಕ್ಡ್ ಇದೆ. ಕಳಿಸಿ, ಗುರುತು ಹಾಕುವ ಮುಂಚೆ ವರ್ಕರ್ ಸತ್ತರೆ ಅದೇ ಸಂದೇಶ ಮತ್ತೆ ಹೋಗುತ್ತೆ, ಅದಕ್ಕೆ ಎರಡನೆಯದನ್ನು ಗುರುತಿಸಿ ಬಿಟ್ಟುಬಿಡಲು ಐಡೆಂಪೊಟೆನ್ಸಿ ಕೀ. ಹಳೆಯ ಸಾಲುಗಳು ಗುಡ್ಡೆ ಬೀಳದ ಹಾಗೆ ದಿನಕ್ಕೊಂದು ಪಾರ್ಟಿಶನ್ (ಟೇಬಲ್‌ನ ಭಾಗ) ಮಾಡಿ, ಹಳೆಯ ಭಾಗವನ್ನು ಕಿತ್ತು ಹಾಕುವುದು.

"ಇದು ಎಲ್ಲಿ ಮುರಿಯುತ್ತೆ?" ಅಂತ ಕೇಳಿದರು. ಇದೇ ಪ್ರಶ್ನೆಗೆ ಮನೆಯಲ್ಲಿ ಆರು ಸಲ ಉತ್ತರ ರೆಕಾರ್ಡ್ ಮಾಡಿದ್ದೆ. ಒಂದೇ ಸಂದೇಶವನ್ನು ಹತ್ತು ಬೇರೆ ತಂಡ ಓದಬೇಕಾದಾಗ, ಹಳೆಯದನ್ನು ಮತ್ತೆ ಓಡಿಸಬೇಕಾದಾಗ ಅಂದೆ. ಕಾಫ್ಕಾ ಅನ್ನುವ ಹೆಸರು ಅವತ್ತು ನನ್ನ ಬಾಯಿಗೆ ಬಂದಿದ್ದು ಆಗಲೇ, ರೌಂಡ್ ಮುಗಿಯಲು ಐದಾರು ನಿಮಿಷ ಇದ್ದಾಗ.